ಅಮೆರಿಕದ ಚಾಕೊಲೇಟಿಗೆ ಆ ಹುಳಿ ಎಲ್ಲಿಂದ ಬಂತು?

ಅಮೆರಿಕದ ಹರ್ಷೀಸ್ ಚಾಕೊಲೇಟ್ ಬಾರಿನ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಳ್ಳಿ. ಅಗಿಯಬೇಡಿ, ಸುಮ್ನೆ ನಾಲಿಗೆ ಮೇಲೆ ಬಿಡಿ. ಮೊದಲು ಸಿಹಿ ಬರುತ್ತದೆ, ಸ್ವಲ್ಪ ಜಾಸ್ತಿನೇ. ಅದರ ಹಿಂದೆಯೇ ಕೋಕೋ. ಕರಗುವಾಗ ಕೊಂಚ ತರಿತರಿಯಾಗಿದೆ ಅನಿಸುತ್ತದೆ. ಎಲ್ಲ ಮುಗಿದು ಗಂಟಲಿಗೆ ಇಳಿಯಿತು ಅನ್ನುವಾಗ ನಾಲಿಗೆಯ ಹಿಂಭಾಗದಲ್ಲಿ ಒಂದು ಹುಳಿ ಏಳುತ್ತದೆ. ಅದು ನಾಲಿಗೆಗಿಂತ ಮೂಗಿಗೆ ಹೆಚ್ಚು ತಾಗುತ್ತದೆ.

ಅಮೆರಿಕದಲ್ಲಿ ಬೆಳೆದವರಲ್ಲಿ ಎಷ್ಟೋ ಜನರಿಗೆ ಈ ಹುಳಿ ಗೊತ್ತೇ ಆಗುವುದಿಲ್ಲ. ಅವರ ಪಾಲಿಗೆ ಚಾಕೊಲೇಟ್ ಅಂದರೆ ಇದೇ. ಅದೇ ತುಂಡನ್ನು ಸ್ವಿಟ್ಜರ್ಲೆಂಡಿನವರಿಗೋ ಜರ್ಮನಿಯವರಿಗೋ ಕೊಟ್ಟು ನೋಡಿ, ಮುಖ ಕಿವುಚುತ್ತಾರೆ. ಇಂಗ್ಲೆಂಡಿನ ಕೆಲವರಂತೂ "ವಾಂತಿ ವಾಸನೆ" ಅಂತ ನೇರವಾಗಿ ಹೇಳಿಬಿಡುತ್ತಾರೆ. ಪಕ್ಕದಲ್ಲಿ ಕೂತು ಅದನ್ನೇ ಪ್ರೀತಿಯಿಂದ ತಿನ್ನುತ್ತಿರುವ ಮಗುವಿಗೆ ಆ ಮಾತು ಕೇಳಿಸುತ್ತದೆ ಅನ್ನುವುದು ಅವರಿಗೆ ಹೊಳೆಯುವುದಿಲ್ಲ. ನನಗೆ ಆಗೆಲ್ಲ ಸಂಕಟವಾಗುತ್ತದೆ.

ನಾನಿರುವುದು ನ್ಯೂ ಜೆರ್ಸಿಯಲ್ಲಿ, ಅಕ್ಕ ಜರ್ಮನಿಯಲ್ಲಿ, ಆಯಿ ಶಿರಸಿ ಹತ್ತಿರದ ಊರಿನಲ್ಲಿ. ಹಾಗಾಗಿ ಊರಿನ ಮನೆಯ ಫ್ರಿಜ್ಜಿನಲ್ಲಿ ಎರಡೂ ಕಡೆಯ ಚಾಕೊಲೇಟ್ ಅಕ್ಕಪಕ್ಕ ಕೂತಿರುತ್ತವೆ. ಯಾವುದು ಒಳ್ಳೆಯದು ಅನ್ನುವ ಮಾತು ರಜೆಗೆ ಹೋದಾಗಲೆಲ್ಲ ಬರುತ್ತದೆ. ಯುರೋಪಿನದು ಅಸಲಿ, ಅಮೆರಿಕದ್ದು ಅಗ್ಗದ ಮಾಲು ಅಂತ ಎಲ್ಲರೂ ತೀರ್ಪು ಕೊಟ್ಟುಬಿಡುತ್ತಾರೆ. ಆ ತೀರ್ಪು ನನಗೆ ಒಪ್ಪಿಗೆಯಿಲ್ಲ. ಇದರ ಹಿಂದೆ ದೊಡ್ಡ ಕಥೆಯಿದೆ. ಆ ಕಥೆ ಕೋಕೋದ್ದಲ್ಲ, ಹಾಲಿನದು.

ಕೋಕೋ ಯಾಕಲ್ಲ ಅಂದರೆ, ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೋಕೋ ಬರುವುದು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ಮತ್ತು ಘಾನಾದಿಂದ. ಹರ್ಷೀಸ್ ಮಾಡುವ ಪೆನ್ಸಿಲ್ವೇನಿಯಾದ ಕಾರ್ಖಾನೆಗೂ ಜರ್ಮನಿಯ ಕಾರ್ಖಾನೆಗೂ ಹೋಗುವ ಬೀಜದ ಬಹುಪಾಲು ಅಲ್ಲಿಯದೇ. ಹುರಿಯುವ ಹದದಲ್ಲಿ, ಅರೆಯುವ ನುಣುಪಿನಲ್ಲಿ ವ್ಯತ್ಯಾಸ ಇದ್ದೇ ಇದೆ. ಆದರೆ ಕಣ್ಣು ಮುಚ್ಚಿಕೊಂಡು ತಿಂದರೂ ಗುರುತು ಸಿಗುವಷ್ಟು ದೊಡ್ಡ ಅಂತರ ಅದರಿಂದ ಬರುವುದಿಲ್ಲ.

ಹೊದಿಕೆಯ ಹಿಂಭಾಗ ಓದಿದರೆ ಸುಳಿವು ಸಿಗುತ್ತದೆ. ಅಕ್ಕ ತರುವ ಮಿಲ್ಕಾ ಪೊಟ್ಟಣದ ಮೇಲೆ ಸಕ್ಕರೆ, ಕೋಕೋ ಬೆಣ್ಣೆ, ಕೆನೆ ತೆಗೆದ ಹಾಲಿನ ಪುಡಿ, ಕೋಕೋ ಮುದ್ದೆ, ಹಾಲೊಡಕಿನ ಪುಡಿ, ಹಾಲಿನ ಕೊಬ್ಬು ಅಂತೆಲ್ಲ ಇರುತ್ತದೆ. ಕೊನೆಯ ಕಡೆ ಹೇಸಲ್‌ನಟ್ ಮುದ್ದೆ ಅಂತಲೂ ಇದೆ. ಮಿಲ್ಕಾ ತಿಂದಾಗ ಎಲ್ಲೋ ಒಂದು ಬೀಜದ ಘಮ ಬಂದಂತೆ ಆಗುವುದು ಭ್ರಮೆ ಅಲ್ಲ, ನಿಜವಾಗಿಯೂ ಅದರಲ್ಲಿ ಹಾಕಿರುತ್ತಾರೆ. ಹರ್ಷೀಸ್ ಹೊದಿಕೆಯಲ್ಲಿ ಪುಡಿಯ ಮಾತಿಲ್ಲ. ಸಕ್ಕರೆ ಆದಮೇಲೆ ಬರೀ "ಹಾಲು" ಅಂತ ಇರುತ್ತದೆ. ಜರ್ಮನಿಯಲ್ಲಿ ಒಣಗಿದ ಹಾಲಿನ ಪುಡಿಯನ್ನು ಕೋಕೋ ಜೊತೆ ಬೆರೆಸಿ ಅರೆಯುತ್ತಾರೆ. ಪೆನ್ಸಿಲ್ವೇನಿಯಾದಲ್ಲಿ ಹಸಿ ಹಾಲಿನಿಂದ ಶುರುಮಾಡುತ್ತಾರೆ. ಹುಳಿಯ ಗುಟ್ಟು ಇರುವುದು ಆ ಹಸಿ ಹಾಲಿನಲ್ಲಿ.

ಆ ಹುಳಿಗೆ ಬ್ಯೂಟಿರಿಕ್ ಆಮ್ಲ ಅಂತ ಹೆಸರು. ನಾಲ್ಕೇ ಇಂಗಾಲದ ಪುಟ್ಟ ಕೊಬ್ಬಿನಾಮ್ಲ ಅದು. ಹಸು, ಎಮ್ಮೆ, ಆಡು, ಕುರಿ, ಹೀಗೆ ಮೆಲುಕು ಹಾಕುವ ಪ್ರಾಣಿಗಳ ಹಾಲಿನ ಕೊಬ್ಬಿನಲ್ಲಿ ನೂರಕ್ಕೆ ಮೂರು ನಾಲ್ಕು ಪಾಲು ಇರುತ್ತದೆ. ಕೋಕೋ ಬೆಣ್ಣೆಯಲ್ಲಿ ಇಲ್ಲ. ಹಾಲು ತಾಜಾ ಇರುವಾಗ ಅದು ಗ್ಲಿಸರಾಲ್ ಜೊತೆ ಕಟ್ಟಿಕೊಂಡಿರುತ್ತದೆ, ಆಗ ವಾಸನೆಯೇ ಇಲ್ಲ. ಲೈಪೇಸ್ ಅನ್ನುವ ಕಿಣ್ವ ಆ ಕಟ್ಟನ್ನು ಬಿಡಿಸಿದರೆ ಆಮ್ಲ ಬಿಡಿಯಾಗಿ ಹೊರಗೆ ಬರುತ್ತದೆ. ಆಮೇಲೆ ಒಂದಿಷ್ಟೇ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಇಟಲಿಯ ಪರ್ಮೆಸಾನ್ ಚೀಸಿನ ಆ ಖಾರವಾದ ವಾಸನೆಯಲ್ಲಿ ಇದರ ಪಾಲಿದೆ. ಕಮಟು ಹಿಡಿದ ಬೆಣ್ಣೆಯಲ್ಲೂ ಇದೆ. ಹೌದು, ವಾಂತಿಯಲ್ಲೂ ಇದೆ. ಬೈಯುವವರು ಆ ಕೊನೆಯದನ್ನು ಮಾತ್ರ ಹೇಳುತ್ತಾರೆ.

ಆಯಿಗೆ ಈ ರಸಾಯನಶಾಸ್ತ್ರ ಯಾವುದೂ ಬೇಡವಾಯಿತು. ಹರ್ಷೀಸ್ ಕಿಸ್ ಅನ್ನುವ ಹನಿಯಾಕಾರದ ಪುಟ್ಟ ಚಾಕೊಲೇಟಿನ ಬೆಳ್ಳಿ ಹಾಳೆ ಬಿಡಿಸಿ, ಬಾಯಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಇದ್ರಲ್ಲಿ ಬೆಣ್ಣೆ ಹುಳಿ ಇದ್ದು, ಅಲ್ದಾ?" ಅವಳು ಮುಖ ಕಿವುಚಲಿಲ್ಲ. ಇನ್ನೊಂದು ತೆಗೆದುಕೊಂಡಳು. ಫ್ರಿಜ್ ಇಲ್ಲದ ಕಾಲದಲ್ಲಿ ಎಷ್ಟೋ ದಿನದ ಕೆನೆ ಕೂಡಿಟ್ಟು, ಹೆಪ್ಪು ಹಾಕಿ, ಕಡೆದು, ಬೆಣ್ಣೆ ಕಾಯಿಸಿ ತುಪ್ಪ ಮಾಡಿದವಳು. ಕೆನೆ ಒಂದು ದಿನ ಜಾಸ್ತಿ ಕೂತರೆ ತುಪ್ಪದ ಪರಿಮಳ ಎತ್ತ ತಿರುಗುತ್ತದೆ ಅಂತ ಅವಳ ಮೂಗಿಗೆ ಗೊತ್ತು. ಕಮಟಿಗೂ ಘಮಕ್ಕೂ ನಡುವೆ ಇರುವುದು ಸಣ್ಣ ಅಂತರ. ಆ ಅಂತರದಲ್ಲಿ ಜೀವನವಿಡೀ ಅಡುಗೆ ಮಾಡಿದವರಿಗೆ ಹರ್ಷೀಸ್ ಅಷ್ಟು ವಿಚಿತ್ರ ಅನಿಸುವುದಿಲ್ಲ.

ಚಾಕೊಲೇಟಿಗೆ ಹಾಲು ಸೇರಿಸುವುದು ಯಾಕೆ ಅಷ್ಟು ಕಷ್ಟವಾಯಿತು ಅನ್ನುವುದು ಗೊತ್ತಾದರೆ ಉಳಿದದ್ದೆಲ್ಲ ಬಿಡಿಸಿಕೊಳ್ಳುತ್ತದೆ. ಚಾಕೊಲೇಟಿನ ಕೊಬ್ಬು ಕೋಕೋ ಬೆಣ್ಣೆ. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರು. ಕರಗಿದ ಚಾಕೊಲೇಟಿಗೆ ಒಂದು ಚಮಚ ನೀರು ಬಿದ್ದರೂ ಅದು ಗಟ್ಟಿಯಾಗಿ ಗಂಟು ಕಟ್ಟುತ್ತದೆ. ಹೇಗೋ ಬೆರೆಸಿದರೂ ಒಳಗೆ ಉಳಿದ ನೀರಿನಿಂದ ಬೂಸ್ಟು ಹಿಡಿಯುತ್ತದೆ. ಹಾಲು ಬೇಕು, ನೀರು ಬೇಡ. ಹತ್ತೊಂಬತ್ತನೆಯ ಶತಮಾನದ ಚಾಕೊಲೇಟ್ ತಯಾರಕರ ತಲೆನೋವು ಇಷ್ಟೇ.

ಮೊದಲು ದಾರಿ ಕಂಡುಕೊಂಡದ್ದು ಸ್ವಿಟ್ಜರ್ಲೆಂಡಿನ ವೆವೇ ಊರಿನ ಡೇನಿಯಲ್ ಪೀಟರ್. ಅವನ ಮೂಲ ಕಸುಬು ಮೇಣದಬತ್ತಿ ಮಾಡುವುದು. ಸೀಮೆಎಣ್ಣೆ ದೀಪ ಬಂದಮೇಲೆ ಮೇಣದಬತ್ತಿಯ ವ್ಯಾಪಾರ ಕುಸಿಯಿತು. ಹೆಂಡತಿ ಫ್ಯಾನಿ ಕಾಯೇ ಚಾಕೊಲೇಟ್ ಮನೆತನದವಳು, ಅವಳ ತಂದೆ 1819ರಿಂದಲೇ ವೆವೇ ಕಡೆ ಚಾಕೊಲೇಟ್ ಮಾಡುತ್ತಿದ್ದವನು. ಪೀಟರ್ ಆ ಕಸುಬಿಗೆ ಇಳಿದ. ಅದೇ ಊರಿನಲ್ಲಿ ಹೆನ್ರಿ ನೆಸ್ಲೆ ಶಿಶುಗಳಿಗಾಗಿ ಹಾಲಿನ ಹಿಟ್ಟು ತಯಾರಿಸುತ್ತಿದ್ದ. ಹಾಲನ್ನು ಬತ್ತಿಸುವ ವಿದ್ಯೆ ಆ ಕಾಲಕ್ಕೆ ಆ ಊರಿನಲ್ಲಿ ಇತ್ತು. ವರ್ಷಗಟ್ಟಲೆ ಹೆಣಗಾಡಿ 1875ರಲ್ಲಿ ಪೀಟರ್ ಹಾಲಿನ ಚಾಕೊಲೇಟ್ ಮಾಡಿದ. ನಾಲ್ಕು ವರ್ಷದ ನಂತರ ಬರ್ನ್ ನಗರದ ರೊಡಾಲ್ಫ್ ಲಿಂಟ್ ಕಾಂಚಿಂಗ್ ಯಂತ್ರ ಕಂಡುಹಿಡಿದ. ಚಾಕೊಲೇಟನ್ನು ಗಂಟೆಗಟ್ಟಲೆ ಉರುಳಿಸಿ ಉರುಳಿಸಿ ನಾದುವ ಯಂತ್ರ ಅದು. ನಾದಿದಷ್ಟೂ ಕಣಕಣಕ್ಕೂ ಕೋಕೋ ಬೆಣ್ಣೆ ಹತ್ತಿ ಮುದ್ದೆ ನುಣ್ಣಗಾಗುತ್ತದೆ, ಕೋಕೋದ ಹುಳಿ ಆವಿಯಾಗಿ ಹೋಗುತ್ತದೆ. ಸ್ವಿಸ್ ಚಾಕೊಲೇಟ್ ಬಾಯಲ್ಲಿ ಜಾರುವುದು ಈ ನಾದುವಿಕೆಯಿಂದ. ಅದರಲ್ಲಿ ಹಾಲಿನ ರುಚಿ ಶುಭ್ರವಾಗಿರುವುದು ಒಣ ಪುಡಿಯಿಂದ. ಹಾಲು ಒಣಗಿ ಪುಡಿಯಾದ ಮೇಲೆ ಲೈಪೇಸಿಗೆ ಕೆಲಸ ಮಾಡಲು ನೀರೇ ಇರುವುದಿಲ್ಲ.

ಈಗ ಪೆನ್ಸಿಲ್ವೇನಿಯಾಕ್ಕೆ ಬರೋಣ.

ಮಿಲ್ಟನ್ ಹರ್ಷಿ ಹುಟ್ಟಿದ್ದು 1857ರಲ್ಲಿ, ಮೆನೊನೈಟ್ ಅನ್ನುವ ಕ್ರೈಸ್ತ ಪಂಗಡದ ರೈತ ಮನೆತನದಲ್ಲಿ. ಮಿಠಾಯಿ ವ್ಯಾಪಾರದಲ್ಲಿ ಮತ್ತೆ ಮತ್ತೆ ಸೋತವನು. ಡೆನ್ವರಿನಲ್ಲಿ ಕೆಲಸಕ್ಕಿದ್ದಾಗ ಕ್ಯಾರಮೆಲ್ಲಿಗೆ ತಾಜಾ ಹಾಲು ಹಾಕಿದರೆ ಎಷ್ಟು ಒಳ್ಳೆಯದಾಗುತ್ತದೆ ಅಂತ ಕಲಿತ. ಲ್ಯಾಂಕ್ಯಾಸ್ಟರಿಗೆ ವಾಪಸು ಬಂದು ಅದೇ ಕ್ಯಾರಮೆಲ್ಲಿನಿಂದ ಸಿರಿವಂತನಾದ. 1893ರ ಷಿಕಾಗೊ ವಿಶ್ವ ಮೇಳದಲ್ಲಿ ಡ್ರೆಸ್ಡೆನ್‌ನ ಲೇಮನ್ ಕಂಪನಿಯ ಚಾಕೊಲೇಟ್ ಯಂತ್ರಗಳು ಓಡುವುದನ್ನು ನೋಡಿ ಮನಸೋತ. ಅವುಗಳನ್ನೇ ಕೊಂಡುಕೊಂಡ. 1900ರಲ್ಲಿ ಕ್ಯಾರಮೆಲ್ ಕಂಪನಿಯನ್ನು 10 ಲಕ್ಷ ಡಾಲರಿಗೆ ಮಾರಿದ, ಚಾಕೊಲೇಟ್ ಮಾತ್ರ ಇಟ್ಟುಕೊಂಡ. ಕೈಯಲ್ಲಿ ದುಡ್ಡು ತರುವ ವ್ಯಾಪಾರವನ್ನು ಬಿಟ್ಟು ಇನ್ನೂ ಪೂರ್ತಿ ಕೈಗೆ ಹತ್ತದ ಕಸುಬನ್ನು ಹಿಡಿಯುವುದಕ್ಕೆ ಎಂಥ ಗುಂಡಿಗೆ ಬೇಕು!

ಯಂತ್ರ ಕೊಂಡಂತೆ ವಿದ್ಯೆ ಕೊಳ್ಳಲು ಆಗಲಿಲ್ಲ. ಹಾಲು ಬೆರೆಸುವ ವಿಧಾನವನ್ನು ಸ್ವಿಸ್ ಮನೆತನಗಳು ಗುಟ್ಟಾಗಿ ಇಟ್ಟುಕೊಂಡಿದ್ದವು. ಹರ್ಷಿ ತಾನು ಹುಟ್ಟಿದ ಡೆರಿ ಚರ್ಚ್ ಊರಿನ ಹಳೆಯ ಮನೆಯಲ್ಲಿ ಹಸುಗಳನ್ನು ಕಟ್ಟಿಕೊಂಡು ತಾನೇ ಪ್ರಯೋಗಕ್ಕೆ ಕೂತ. ಹಾಲು ತಳ ಹಿಡಿಯಿತು, ಸೀದುಹೋಯಿತು, ಒಡೆಯಿತು. ಕೊನೆಗೆ ಒಂದು ದಾರಿ ಸಿಕ್ಕಿತು. ಹಾಲಿಗೆ ಸಾಕಷ್ಟು ಸಕ್ಕರೆ ಹಾಕಿ, ಗಾಳಿ ಎಳೆದು ತೆಗೆದ ಪಾತ್ರೆಯಲ್ಲಿ, ಕಡಿಮೆ ಶಾಖದಲ್ಲಿ, ನಿಧಾನವಾಗಿ ಬತ್ತಿಸುವುದು. ಹೀಗೆ ಬಂದ ಗಟ್ಟಿ ಹಾಲು ಕೋಕೋ ಜೊತೆ ಸಲೀಸಾಗಿ ಬೆರೆಯಿತು, ಬೇಗ ಕೆಡಲಿಲ್ಲ. ಈ ದಾರಿಯಲ್ಲಿ ಹಾಲಿನ ಕೊಬ್ಬು ಸ್ವಲ್ಪ ಒಡೆದು ಆ ಹುಳಿ ಹುಟ್ಟುತ್ತದೆ ಅಂತ ಆಹಾರ ವಿಜ್ಞಾನ ಬಲ್ಲವರು ಹೇಳುತ್ತಾರೆ. ಕಂಪನಿ ತನ್ನ ವಿಧಾನವನ್ನು ಪೂರ್ತಿಯಾಗಿ ಬಿಚ್ಚಿ ಹೇಳಿಲ್ಲ. ಆದರೆ ತಿಂದವರ ನಾಲಿಗೆಗೆ ಸಾಕ್ಷಿ ಬೇಕಿಲ್ಲ.

ಹರ್ಷಿ ಬೇಕೆಂದರೆ ಯುರೋಪಿನ ರುಚಿಯ ಹಿಂದೆ ಇನ್ನಷ್ಟು ವರ್ಷ ಓಡಬಹುದಿತ್ತು. ಅವನಿಗೆ ಬೇಕಾಗಿದ್ದದ್ದು ಬೇರೆ. ಸ್ವಿಸ್ ಚಾಕೊಲೇಟ್ ಆಗ ಸಾಹುಕಾರರ ತಿಂಡಿ. ಇವನ ಬಾರಿಗೆ 5 ಸೆಂಟ್. ಗಣಿಯಲ್ಲಿ, ಗಿರಣಿಯಲ್ಲಿ ಕೆಲಸ ಮಾಡುವವರ ಮಕ್ಕಳೂ ಕೊಂಡು ತಿನ್ನುವ ಬೆಲೆ. ಆ 5 ಸೆಂಟಿನ ಬಾರ್ 1969ರವರೆಗೂ ಅಂಗಡಿಯಲ್ಲಿ ಇತ್ತು. ಕೋಕೋ ಬೆಲೆ ಏರಿದಾಗ ತೂಕ ಇಳಿಸುತ್ತಿದ್ದರು, ಇಳಿದಾಗ ಏರಿಸುತ್ತಿದ್ದರು, ಬೆಲೆ ಮಾತ್ರ ಮುಟ್ಟುತ್ತಿರಲಿಲ್ಲ. ಅರ್ಧ ಶತಮಾನಕ್ಕೂ ಮೀರಿ ಒಂದು ದೇಶದ ಬಡವರೂ ಬಲ್ಲಿದರೂ ಅದೇ ಬಾರ್ ತಿಂದು ಬೆಳೆದರೆ ಅದರ ಹುಳಿ ಹುಳಿಯಾಗಿ ಉಳಿಯುವುದಿಲ್ಲ. ಅದೇ ಚಾಕೊಲೇಟಿನ ಅಳತೆಗೋಲಾಗುತ್ತದೆ.

ಆ ಊರಿಗೆ ಹೋದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಡೆರಿ ಚರ್ಚಿಗೆ ಈಗ ಹರ್ಷಿ ಅಂತಲೇ ಹೆಸರು. ಮುಖ್ಯ ರಸ್ತೆ ಚಾಕೊಲೇಟ್ ಅವೆನ್ಯೂ. ಬೀದಿ ದೀಪಗಳಿಗೆ ಹರ್ಷೀಸ್ ಕಿಸ್ಸಿನ ಆಕಾರ, ಕೆಲವು ಬೆಳ್ಳಿ ಹಾಳೆ ಸುತ್ತಿಕೊಂಡವು, ಕೆಲವು ಬಿಚ್ಚಿದವು. ಪ್ರವಾಸಿಗರು ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಹೆಚ್ಚು ಹಿಡಿಸಿದ್ದು ಊರಿನ ಸುತ್ತಲಿನ ಹಸುರು. ಲ್ಯಾಂಕ್ಯಾಸ್ಟರ್ ಕಡೆಯಿಂದ ಕಾರಿನಲ್ಲಿ ಬಂದರೆ ದಾರಿಯುದ್ದಕ್ಕೂ ಹಸು ಮೇಯುವ ಹುಲ್ಲುಗಾವಲು, ಜೋಳದ ಹೊಲ, ಎತ್ತರದ ಮೇವಿನ ಗೋಪುರಗಳು. 1905ರಲ್ಲಿ ಪೂರ್ತಿಯಾದ ಕಾರ್ಖಾನೆಯನ್ನು ಬಂದರಿನ ಹತ್ತಿರ ಕಟ್ಟದೆ ಇಲ್ಲಿ ಕಟ್ಟಿದ್ದು ಹಾಲಿಗೋಸ್ಕರ. ಕೋಕೋ ಬೀಜ ಹಡಗಿನಲ್ಲಿ ತಿಂಗಳು ಕಾಯುತ್ತದೆ, ಹಾಲು ಕಾಯುವುದಿಲ್ಲ. ಮಕ್ಕಳಿಲ್ಲದ ಹರ್ಷಿ ದಂಪತಿ 1909ರಲ್ಲಿ ಅನಾಥ ಹುಡುಗರಿಗಾಗಿ ಶಾಲೆ ತೆರೆದರು. ಹೆಂಡತಿ ಕ್ಯಾಥರೀನ್ ತೀರಿಕೊಂಡ ಮೇಲೆ, 1918ರಲ್ಲಿ, ಹರ್ಷಿ ತನ್ನ ಆಸ್ತಿಯ ಬಹುಪಾಲನ್ನು ಆ ಶಾಲೆಗೆ ಬರೆದುಕೊಟ್ಟ. ಆ ಶಾಲೆಯ ಮಕ್ಕಳು ಎಷ್ಟೋ ದಶಕ ಬೆಳಗಾಗೆದ್ದು ಹಸು ಕರೆದೇ ತರಗತಿಗೆ ಹೋಗುತ್ತಿದ್ದರು. ಇದನ್ನೆಲ್ಲ ತಿಳಿದಮೇಲೆ ಆ ಬಾರನ್ನು ಅಗ್ಗದ ಮಾಲು ಅನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಇನ್ನು ಬ್ರಿಟನ್ನಿನದು ಮೂರನೆಯ ದಾರಿ. ಯುರೋಪಿನ ಚಾಕೊಲೇಟ್ ಅಂತ ಒಂದೇ ಗಂಟು ಕಟ್ಟುವವರು ಇದನ್ನು ಮರೆಯುತ್ತಾರೆ. ಕ್ಯಾಡ್‌ಬರಿಯವರು 1897ರಲ್ಲೇ ಹಾಲಿನ ಪುಡಿ ಹಾಕಿ ಚಾಕೊಲೇಟ್ ಮಾಡಿದ್ದರು, ಅದು ಒರಟಾಗಿತ್ತು, ಜನ ಮೆಚ್ಚಲಿಲ್ಲ. 1905ರಲ್ಲಿ ದ್ರವ ಹಾಲಿನಿಂದ ಡೇರಿ ಮಿಲ್ಕ್ ತಂದರು. ಕ್ರಮೇಣ ಬೇರೂರಿದ್ದು ಕ್ರಂಬ್ ಅನ್ನುವ ವಿಧಾನ. ಹಾಲಿಗೆ ಸಕ್ಕರೆ ಹಾಕಿ ಬತ್ತಿಸುತ್ತಾರೆ. ಗಟ್ಟಿಯಾಗುತ್ತಿದ್ದಂತೆ ಕೋಕೋ ಮುದ್ದೆ ಬೆರೆಸಿ ಪೂರ್ತಿ ಒಣಗಿಸುತ್ತಾರೆ. ಸಿಗುವುದು ಕಂದು ಬಣ್ಣದ ಪುಡಿಪುಡಿ ಉಂಡೆ. ಒಣಗುವ ಬಿಸಿಯಲ್ಲಿ ಹಾಲಿನ ಪ್ರೋಟೀನೂ ಸಕ್ಕರೆಯೂ ಕೂಡಿ ಕೆಂಪಗಾಗಿ, ಕಾಯಿಸಿದ ಹಾಲಿನ ಒಂದು ಆಳವಾದ ರುಚಿ ಹುಟ್ಟುತ್ತದೆ. ಆ ರುಚಿಯೇ ಡೇರಿ ಮಿಲ್ಕಿನ ಗುರುತು.

ಇದಕ್ಕೂ ಬದುಕಿನ ಒಂದು ಕಾರಣ ಇತ್ತು. ಅಲ್ಲಿ ವಸಂತದಲ್ಲಿ ಹುಲ್ಲು ಚಿಗುರಿದಾಗ ಹಾಲು ಸುರಿಯುತ್ತದೆ, ಚಳಿಗಾಲದಲ್ಲಿ ಕಡಿಮೆ. ಚಾಕೊಲೇಟ್ ಜಾಸ್ತಿ ಮಾರಾಟವಾಗುವುದು ಮಾತ್ರ ಕ್ರಿಸ್ಮಸ್ ಚಳಿಯಲ್ಲಿ. ಕ್ರಂಬ್ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಹಾಗಾಗಿ ಹಸುಗಳಿದ್ದ ಕಡೆಯೇ ಹಾಲಿನ ಘಟಕ ಹಾಕಿದರು. ಸ್ಟ್ಯಾಫರ್ಡ್‌ಶೈರ್‌ನ ನೈಟನ್‌ನಲ್ಲಿ 1911ರಲ್ಲಿ ಒಂದು ಶುರುವಾಯಿತು. ಅದರ ಪಕ್ಕದಲ್ಲೇ ಕಾಲುವೆ. ದಡದ ರೈತರಿಂದ ಹಾಲು ದೋಣಿಯಲ್ಲಿ ಬರುತ್ತಿತ್ತು, ಕ್ರಂಬ್ ಆಗಿ ದೋಣಿಯಲ್ಲೇ ಬರ್ಮಿಂಗ್‌ಹ್ಯಾಮ್ ಹತ್ತಿರದ ಬೋರ್ನ್‌ವಿಲ್ ಕಾರ್ಖಾನೆಗೆ ಹೋಗುತ್ತಿತ್ತು. ಕ್ಯಾಡ್‌ಬರಿ ಭಾರತಕ್ಕೆ ಬಂದದ್ದು 1948ರಲ್ಲಿ. ನಮ್ಮಲ್ಲಿ ಹೆಚ್ಚಿನವರ ನಾಲಿಗೆ ಚಾಕೊಲೇಟಿನ ಪಾಠ ಕಲಿತದ್ದು ಈ ಬ್ರಿಟಿಷ್ ಮನೆತನದಿಂದಲೇ. ನಮಗೆ ಹರ್ಷೀಸ್ ಹುಳಿ ಅನಿಸುವುದಕ್ಕೂ ಸ್ವಿಸ್ ಚಾಕೊಲೇಟ್ ಸ್ವಲ್ಪ ಸಪ್ಪೆ ಅನಿಸುವುದಕ್ಕೂ ಅದೂ ಒಂದು ಕಾರಣ ಅಂತ ನನ್ನ ನಂಬಿಕೆ.

ಈ ವಾದ ಬಂದಾಗಲೆಲ್ಲ ಯಾರಾದರೂ ಒಬ್ಬರು ಶೇಕಡಾವಾರು ಲೆಕ್ಕ ಎತ್ತುತ್ತಾರೆ. "ಅಮೆರಿಕದಲ್ಲಿ ಶೇ. 10 ಕೋಕೋ ಇದ್ದರೆ ಸಾಕು, ಯುರೋಪಿನಲ್ಲಿ ಶೇ. 25 ಬೇಕು" ಅನ್ನುತ್ತಾರೆ. ಎರಡೂ ಸಂಖ್ಯೆ ಕಾನೂನಿನಲ್ಲಿ ಇರುವುದು ನಿಜ. ಆದರೆ ಎರಡೂ ಒಂದನ್ನೇ ಅಳೆಯುವುದಿಲ್ಲ. ಸ್ವಲ್ಪ ತಾಳ್ಮೆಯಿಂದ ನೋಡಬೇಕು, ಯಾಕೆಂದರೆ ಇಲ್ಲೇ ಎಲ್ಲರೂ ಎಡವುತ್ತಾರೆ.

ಹುರಿದ ಕೋಕೋ ಬೀಜ ಅರೆದರೆ ಬರುವುದು ಕೋಕೋ ಮುದ್ದೆ. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕೋಕೋ ಬೆಣ್ಣೆ, ಉಳಿದದ್ದು ಕಂದು ಬಣ್ಣದ ಗಟ್ಟಿ ಭಾಗ. ಕೋಕೋದ ಕಹಿ, ಬಣ್ಣ, ಘಮ ಹೆಚ್ಚಾಗಿ ಇರುವುದು ಆ ಕಂದು ಭಾಗದಲ್ಲಿ. ಅಮೆರಿಕದ ಶೇ. 10 ಅನ್ನುವುದು ಈ ಮುದ್ದೆಯ ಲೆಕ್ಕ. ಮೇಲಿಂದ ಹಾಕುವ ಕೋಕೋ ಬೆಣ್ಣೆ ಅದರಲ್ಲಿ ಸೇರುವುದಿಲ್ಲ. ಯುರೋಪಿನ ಶೇ. 25ರಲ್ಲಿ ಮೇಲಿಂದ ಹಾಕಿದ ಬೆಣ್ಣೆಯೂ ಸೇರುತ್ತದೆ. ಕೊಬ್ಬು ಬಿಟ್ಟು ಬರೀ ಕಂದು ಭಾಗ ಎಷ್ಟಿರಬೇಕು ಅಂತ ಯುರೋಪಿನ ಕಾನೂನನ್ನು ಕೇಳಿದರೆ ಕನಿಷ್ಠ ಶೇ. 2.5 ಅನ್ನುತ್ತದೆ. ಅಮೆರಿಕದ ಶೇ. 10 ಮುದ್ದೆಯಲ್ಲಿ ಕಂದು ಭಾಗವೇ ಸುಮಾರು ಶೇ. 4ರಿಂದ 5 ಬರುತ್ತದೆ. ಅಂದರೆ ಕೋಕೋದ ಕಂದು ಭಾಗದ ಕನಿಷ್ಠ ಮಿತಿ ಅಮೆರಿಕದಲ್ಲೇ ಮೇಲಿದೆ! ಅಂಗಡಿಯಲ್ಲಿ ಸಿಗುವ ಬಾರುಗಳು ಈ ಕನಿಷ್ಠಕ್ಕಿಂತ ಎಷ್ಟೋ ಮೇಲಿರಬಹುದು, ಅದು ಬೇರೆ ಮಾತು. ಆದರೆ 10 ಮತ್ತು 25 ಅಂತ ಎರಡು ಸಂಖ್ಯೆ ಅಕ್ಕಪಕ್ಕ ಇಟ್ಟು ಒಂದು ದೇಶದ ನಾಲಿಗೆಯನ್ನೇ ಕೀಳು ಮಾಡುವುದು ಸರಿಯಲ್ಲ. ಯುರೋಪಿನ ಬಾರು ಬಾಯಲ್ಲಿ ನಯವಾಗಿ ಕರಗುವುದಕ್ಕೆ ಕೋಕೋ ಬೆಣ್ಣೆ ಜಾಸ್ತಿ ಇರುವುದು ಒಂದು ಕಾರಣ, ಇದನ್ನು ಒಪ್ಪುತ್ತೇನೆ. ಹಾಲಿನಲ್ಲೂ ಅವರ ಮಿತಿ ಸ್ವಲ್ಪ ಮೇಲೆಯೇ ಇದೆ. ಹಾಲಿನ ಘನ ಪದಾರ್ಥ ಅಮೆರಿಕದಲ್ಲಿ ಶೇ. 12, ಯುರೋಪಿನಲ್ಲಿ ಶೇ. 14.

ಇನ್ನೊಂದು ಸಂಗತಿ ನಮ್ಮ ಕಡೆಗೇ ಬಂದು ಮುಟ್ಟುತ್ತದೆ. ಅಮೆರಿಕದಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಹಾಕಿದರೆ ಅದನ್ನು ಹಾಲಿನ ಚಾಕೊಲೇಟ್ ಅಂತ ಮಾರುವ ಹಾಗಿಲ್ಲ. ಯುರೋಪಿನಲ್ಲಿ ಶೇ. 5ರವರೆಗೆ ಹಾಕಬಹುದು. ಈ ಶೇ. 5ರ ಸುತ್ತ ಅಲ್ಲಿ ದೊಡ್ಡ ಜಗಳವೇ ನಡೆಯಿತು. 1973ರಲ್ಲಿ ಬ್ರಿಟನ್, ಐರ್ಲೆಂಡ್, ಡೆನ್ಮಾರ್ಕ್ ಯುರೋಪಿನ ಒಕ್ಕೂಟ ಸೇರಿದಾಗ ಶುರುವಾದದ್ದು 2000ದ ಕಾನೂನಿನವರೆಗೂ ಎಳೆಯಿತು. ಬ್ರಿಟನ್ನಿನ ಚಾಕೊಲೇಟಿನಲ್ಲಿ ಹಾಲು ಜಾಸ್ತಿ, ಬೇರೆ ಕೊಬ್ಬೂ ಇದೆ, ಇದನ್ನು ಚಾಕೊಲೇಟ್ ಅನ್ನುವುದು ಹೇಗೆ ಅಂತ ಬೆಲ್ಜಿಯಂ, ಫ್ರಾನ್ಸಿನವರು ಕೇಳಿದರು. ಇಟಲಿ ಮತ್ತು ಸ್ಪೇನ್ ಅದನ್ನು "ಚಾಕೊಲೇಟ್ ಬದಲಿ" ಅಂತ ಬರೆದೇ ಮಾರಬೇಕು ಅಂದವು. ಯುರೋಪಿನ ನ್ಯಾಯಾಲಯ 2003ರ ಜನವರಿಯಲ್ಲಿ ಅದು ತಪ್ಪು ಅಂತ ತೀರ್ಪು ಕೊಟ್ಟಿತು. ಅಮೆರಿಕದ್ದನ್ನು ಯುರೋಪಿನವರು ಹೀಗಳೆಯುವುದನ್ನು ಕೇಳುವಾಗೆಲ್ಲ ಅವರು ತಮ್ಮತಮ್ಮಲ್ಲೇ ಇದೇ ಜಗಳವನ್ನು ಸುಮಾರು 30 ವರ್ಷ ಆಡಿದ್ದು ನೆನಪಿಗೆ ಬರುತ್ತದೆ.

ಆ ಕಾನೂನಿನಲ್ಲಿ ಯಾವ ಯಾವ ಕೊಬ್ಬು ಹಾಕಬಹುದು ಅಂತ ಪಟ್ಟಿಯಿದೆ. ಆರೇ ಹೆಸರು. ಅದರಲ್ಲಿ ಸಾಲ್ ಇದೆ, ಮಾವಿನ ಗೊರಟಿನ ಕೊಬ್ಬಿದೆ, ಕೋಕಂ ಇದೆ. ಕೋಕಂ ಅಂದರೆ ನಮ್ಮ ಮುರುಗಲು. ನಮ್ಮ ಕಡೆ ಮುರುಗಲು ಬೀಜ ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಕೊಬ್ಬನ್ನು ತೆಗೆದು ಉಂಡೆ ಕಟ್ಟಿ ಇಡುತ್ತಾರೆ. ಅದೇ ಮುರುಗಲು ತುಪ್ಪ. ಬಿಳಿಯಾಗಿ, ಮೇಣದಷ್ಟು ಗಟ್ಟಿ ಇರುತ್ತದೆ. ಒಡೆದ ಹಿಮ್ಮಡಿಗೆ ಹಚ್ಚಲು ಮನೆಮನೆಯಲ್ಲೂ ಬೇಕು. ಅದು ಕರಗಲು ಸುಮಾರು 40 ಡಿಗ್ರಿ ಬೇಕು, ಕೋಕೋ ಬೆಣ್ಣೆಗೆ 34 ಡಿಗ್ರಿ ಸಾಕು. ಕೋಕೋ ಬೆಣ್ಣೆಯ ಜೊತೆ ಹೊಂದಿಕೊಳ್ಳುವ ಗುಣವೂ ಇರುವುದರಿಂದ ಅದಕ್ಕೆ ಆ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಪಶ್ಚಿಮ ಘಟ್ಟದ ಒಂದು ಮರದ ಹೆಸರು ಬ್ರಸೆಲ್ಸ್‌ನ ಕಾನೂನಿನಲ್ಲಿ ನೋಡಿ ನನಗಾದ ಖುಷಿಯನ್ನು ಫೋನಿನಲ್ಲಿ ಆಯಿಗೆ ಹೇಳಿದೆ. ಈ ವರ್ಷ ಮುರುಗಲು ಹಣ್ಣು ಕಮ್ಮಿ ಅಂದಳು.

ಮತ್ತೆ ಆ ವಾಸನೆಯ ಮಾತಿಗೆ ಬರುತ್ತೇನೆ, ಯಾಕೆಂದರೆ ನನ್ನ ಮನಸ್ಸಿಗೆ ತಾಗಿದ್ದು ಅದು. 2001ರಲ್ಲಿ ರೇಚಲ್ ಹರ್ಜ್ ಅನ್ನುವ ವಿಜ್ಞಾನಿ ಜೊತೆಗಾರ್ತಿಯೊಂದಿಗೆ ಒಂದು ಪ್ರಯೋಗ ಪ್ರಕಟಿಸಿದರು. ಬ್ಯೂಟಿರಿಕ್ ಆಮ್ಲ ಮತ್ತು ಅದರ ನೆಂಟನಾದ ಇನ್ನೊಂದು ಆಮ್ಲ ಬೆರೆಸಿದ ಒಂದೇ ವಾಸನೆಯನ್ನು ಜನರಿಗೆ ಮೂಸಲು ಕೊಟ್ಟರು. ಒಂದು ಸಲ "ಇದು ಪರ್ಮೆಸಾನ್ ಚೀಸ್" ಅಂದರು. ಇನ್ನೊಂದು ಸಲ "ಇದು ವಾಂತಿ" ಅಂದರು. ಚೀಸ್ ಅಂದಾಗ ಜನರಿಗೆ ಹಿಡಿಸಿತು, ವಾಂತಿ ಅಂದಾಗ ಹೇಸಿಗೆಯಾಯಿತು. ಎರಡೂ ಒಂದೇ ವಾಸನೆ ಅಂದರೆ ಹಲವರು ನಂಬಲಿಲ್ಲ. ಮೂಗು ಒಂಟಿಯಾಗಿ ತೀರ್ಮಾನ ಮಾಡುವುದಿಲ್ಲ, ಕಿವಿಯ ಮಾತನ್ನೂ ಕೇಳುತ್ತದೆ. ಇವತ್ತು ಹರ್ಷೀಸ್ ಬಗ್ಗೆ ಆ ಮಾತನ್ನು ಮೊದಲೇ ಕೇಳಿ ಬಾಯಿಗೆ ಹಾಕಿಕೊಂಡವರಿಗೆ ಅದೇ ವಾಸನೆ ಬಂದೇ ಬರುತ್ತದೆ. ಏನೂ ಹೇಳದೆ ಕೊಟ್ಟಾಗ ಆಯಿಗೆ ಬಂದದ್ದು ಬೆಣ್ಣೆಯ ನೆನಪು.

ಬ್ರಿಟನ್ನಿನಿಂದ ಬಂದು ಇಲ್ಲಿ ನೆಲೆಸಿದವರ ಕಷ್ಟವೂ ನನಗೆ ಅರ್ಥವಾಗುತ್ತದೆ. ಅಮೆರಿಕದಲ್ಲಿ ಕ್ಯಾಡ್‌ಬರಿ ಚಾಕೊಲೇಟ್ ಮಾಡುವ ಹಕ್ಕು 1988ರಿಂದ ಹರ್ಷಿ ಕಂಪನಿಯ ಕೈಯಲ್ಲಿದೆ. ಹಾಗಾಗಿ ಅದೇ ನೇರಳೆ ಹೊದಿಕೆ, ಒಳಗಿನ ರುಚಿ ಬೇರೆ. ಬ್ರಿಟನ್ನಿನ ಡೇರಿ ಮಿಲ್ಕ್ ಪಟ್ಟಿಯಲ್ಲಿ ಮೊದಲ ಹೆಸರು ಹಾಲು, ಇಲ್ಲಿಯದರಲ್ಲಿ ಸಕ್ಕರೆ. ಬ್ರಿಟನ್ನಿನ ಮೂಲ ಬಾರುಗಳನ್ನು ತರಿಸಿ ಮಾರುತ್ತಿದ್ದ ಆಮದುದಾರರ ಮೇಲೆ ಹರ್ಷಿ ಕಂಪನಿ ಮೊಕದ್ದಮೆ ಹೂಡಿತು. 2015ರ ಜನವರಿಯಲ್ಲಿ ರಾಜಿಯಾಗಿ ಆ ಆಮದು ನಿಂತಿತು. ಆಗ ಬ್ರಿಟಿಷ್ ಸಾಮಾನಿನ ಅಂಗಡಿಗಳಲ್ಲಿ ಜನ ಅಳುವುದೊಂದು ಬಾಕಿ. ಚಿಕ್ಕಂದಿನಲ್ಲಿ ನಾಲಿಗೆ ಕಲಿತ ಕಾಯಿಸಿದ ಹಾಲಿನ ರುಚಿ ಅವರಿಗೆ ಬೇಕಿತ್ತು. ಪೆನ್ಸಿಲ್ವೇನಿಯಾದ ಹುಡುಗನಿಗೆ ಬೇಕಾದ ಹುಳಿಗಿಂತ ಅದು ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ನೀವೇ ತಿಂದು ನೋಡುವುದಾದರೆ ಮೂರನ್ನೂ ತಂದಿಟ್ಟುಕೊಳ್ಳಿ: ಒಂದು ಸ್ವಿಸ್ ಅಥವಾ ಜರ್ಮನ್, ಒಂದು ಬ್ರಿಟನ್ನಿನದು, ಒಂದು ಅಮೆರಿಕದ್ದು. ಫ್ರಿಜ್ಜಿನಿಂದ ನೇರ ತಿನ್ನಬೇಡಿ, ತಣ್ಣಗಿದ್ದರೆ ಕೊಬ್ಬು ಕರಗುವುದಿಲ್ಲ, ಘಮ ಏಳುವುದಿಲ್ಲ. ಅರ್ಧ ಗಂಟೆ ಹೊರಗಿಡಿ. ಬೇಸಿಗೆಯಾದರೆ ಅಷ್ಟೂ ಬೇಡ. ಮೊದಲು ಸ್ವಿಸ್ ಬಾರು, ಆಮೇಲೆ ಬ್ರಿಟನ್ನಿನದು, ಕೊನೆಗೆ ಹರ್ಷೀಸ್. ಹರ್ಷೀಸ್ ಮೊದಲು ತಿಂದರೆ ಅದರ ಹುಳಿ ಉಳಿದೆರಡರ ಮೇಲೂ ಕೂತುಬಿಡುತ್ತದೆ. ನಡುನಡುವೆ ಉಗುರುಬೆಚ್ಚಗಿನ ನೀರು ಕುಡಿಯಿರಿ. ತಣ್ಣೀರು ಕುಡಿದರೆ ಕೋಕೋ ಬೆಣ್ಣೆ ನಾಲಿಗೆ ಮೇಲೆ ಗಟ್ಟಿಯಾಗಿ ಮುಂದಿನದರ ರುಚಿ ಸರಿಯಾಗಿ ತಿಳಿಯುವುದಿಲ್ಲ. ಜೊತೆಗೆ ಮನೆಯಲ್ಲಿ ಹಿರಿಯರು ಯಾರಾದರೂ ಇದ್ದರೆ ಅವರಿಗೂ ಒಂದೊಂದು ತುಂಡು ಕೊಡಿ. ಹೊದಿಕೆ ತೋರಿಸಬೇಡಿ, ಊರಿನ ಹೆಸರೂ ಹೇಳಬೇಡಿ. ಹೇಗಿದೆ ಅಂತ ಮಾತ್ರ ಕೇಳಿ.